ಗೆಸ್ಸೊ, ಓರೆ ಮೇಜು ಮತ್ತು ಬಲ ಬೆನ್ನಿನ ಆ ಒಂದು ಜಾಗ

ನನ್ನ ರಾಜರಾಜೇಶ್ವರಿ ಚಿತ್ರದ ಪ್ರಭಾವಳಿಗೆ ಗೆಸ್ಸೊ, ಅಂದರೆ ಜಿಂಕ್ ಆಕ್ಸೈಡ್, ಗೋಂದು ಕಲೆಸಿ ಕುಂಚದಿಂದ ಉಬ್ಬು ಗೆರೆ, ಮುತ್ತು ಮೂಡಿಸುವ ಕೆಲಸ, ಮುಗಿಯಿತು. ಮುಗಿಸಿ ಎದ್ದಾಗ ಬೆನ್ನು ಹಿಡಿದಿರಲಿಲ್ಲ! ಮೈಸೂರು ಶೈಲಿಯಲ್ಲಿ ಚಿತ್ರ ಬರೆಯುವವರಿಗೆ ಇದು ಎಂಥ ಸುದ್ದಿ ಅಂತ ಬಿಡಿಸಿ ಹೇಳಬೇಕಿಲ್ಲ. ಸ್ಕೆಚ್ಚು, ಹಲಗೆಗೆ ಕಾಗದ ಅಂಟಿಸಿದ್ದು ಎಲ್ಲ ಎಂದಿನಂತೆಯೇ ಆಯಿತು. ಈ ಸಲ ಬರೆಯಬೇಕಿರುವುದು ಬೆನ್ನಿನ ಬಗ್ಗೆ.

ನೋವು ಬರುತ್ತಿದ್ದದ್ದು ಬಲಭುಜದ ಹಿಂದಿನ ಚಪ್ಪಟೆ ಮೂಳೆ ಇದೆಯಲ್ಲ, ಅದರ ಒಳ ಅಂಚಿನಲ್ಲಿ. ಬೆನ್ನುಮೂಳೆಗೂ ಅದಕ್ಕೂ ನಡುವೆ, ಬೆರಳಿಟ್ಟು ತೋರಿಸಬಹುದಾದ ಒಂದು ಜಾಗ. ಮುತ್ತಿನ ಸಾಲು ಶುರು ಮಾಡಿ ಅರ್ಧ ಗಂಟೆ ಆಗುವಷ್ಟರಲ್ಲಿ ಉರಿ, ಆಮೇಲೆ ಸೆಳೆತ. ಟೆನಿಸ್ ಚೆಂಡನ್ನು ಗೋಡೆಗಿಟ್ಟು ಒತ್ತಿಕೊಂಡೆ, ಎಣ್ಣೆ ಹಚ್ಚಿಸಿದೆ, ಬಿಸಿನೀರಿನ ಚೀಲ ಇಟ್ಟೆ. ಆಗ ಹಾಯೆನಿಸುತ್ತಿತ್ತು. ಮರುದಿನ ಕುಂಚ ಹಿಡಿದರೆ ಅದೇ ಜಾಗ, ಅದೇ ಉರಿ.

ಮೊದಲು ಡಾಕ್ಟರಿಗೆ ತೋರಿಸಿದೆ. ಇದನ್ನು ಎಲ್ಲರಿಗೂ ಒತ್ತಿ ಹೇಳುತ್ತೇನೆ. ಮೇಲ್ಬೆನ್ನಿನ ನೋವು ಬಹುಪಾಲು ಮಾಂಸಖಂಡ, ಕೀಲುಗಳದ್ದೇ. ಆದರೆ ಎದೆ ಬಿಗಿತ, ಬೆವರು, ಉಸಿರಾಟದ ತೊಂದರೆ ಜೊತೆಗಿದ್ದರೆ, ಅಥವಾ ಬೆನ್ನು ಸೀಳಿದ ಹಾಗೆ ಒಮ್ಮೆಲೇ ನೋವು ಬಂದರೆ ಅದು ಹೃದಯದ್ದೋ ದೊಡ್ಡ ರಕ್ತನಾಳದ್ದೋ ಆಗಿರಬಹುದು. ಆಗ ಮನೆಯಲ್ಲಿ ಕೂರಬೇಡಿ, ನೇರ ಆಸ್ಪತ್ರೆಗೆ ಹೋಗಿ. ಪಿತ್ತಕೋಶದ ಕಲ್ಲಿನ ನೋವೂ ಬಲಭುಜದ ಹಿಂದೆ ಕಾಣಿಸಿಕೊಳ್ಳುತ್ತದೆ. ಸಂಜೆ ಜ್ವರ, ತೂಕ ಇಳಿಯುವುದು, ರಾತ್ರಿ ಮಲಗಿದರೂ ಬಿಡದ ನೋವು ಇದ್ದರೆ ಬೆನ್ನುಮೂಳೆಯ ಕ್ಷಯವಿದೆಯೇ ಅಂತ ನೋಡಲೇಬೇಕು. ನಮ್ಮ ದೇಶದಲ್ಲಿ ಅದು ಅಪರೂಪವೇನಲ್ಲ. ಕಾಲಿನಲ್ಲಿ ಬಲ ಕಡಿಮೆಯಾದರೆ, ಮೂತ್ರದ ಹಿಡಿತ ತಪ್ಪಿದರೆ ಒಂದು ದಿನವೂ ಕಾಯಬಾರದು. ನನಗೆ ಇವು ಯಾವುವೂ ಇರಲಿಲ್ಲ. ಹಾಗಾಗಿ ಫಿಸಿಯೋಥೆರಪಿಗೆ ಕಳಿಸಿದರು.

ಗಂಟು ಬಿಚ್ಚಿದ್ದು ಅಲ್ಲಿ. ಫಿಸಿಯೋ ಮೇಡಂ ನೋವಿನ ಜಾಗವನ್ನು ಒತ್ತಿ ನೋಡಿದರು. ನೋವಾಯಿತು, ಆದರೆ ನನ್ನ ಆ ಉರಿ ಬರಲಿಲ್ಲ. ಆಮೇಲೆ ತಲೆಯನ್ನು ಹಿಂದಕ್ಕೆ, ಬಲಕ್ಕೆ ವಾಲಿಸಿ ಮೆಲ್ಲಗೆ ಒತ್ತಿದರು. ತಕ್ಷಣ ಅದೇ ಜಾಗದಲ್ಲಿ ಅದೇ ಉರಿ! "ನೋವು ಕಾಣಿಸ್ತಿರೋದು ಬೆನ್ನಲ್ಲಿ, ಹುಟ್ಟುತ್ತಿರೋದು ಕತ್ತಲ್ಲಿ ಅನ್ಸುತ್ತೆ. ಅಲ್ಲಿಂದಲೇ ಶುರು ಮಾಡೋಣ" ಅಂದರು. (ಈ ಪರೀಕ್ಷೆಯನ್ನು ಮನೆಯಲ್ಲಿ ಮಾಡಿಕೊಳ್ಳಬೇಡಿ, ತಿಳಿದವರ ಕೈಯಲ್ಲೇ ಆಗಬೇಕು.)

ಇದು ಹಳೆಯ ವಿಷಯವೇ. 1959ರಲ್ಲಿ ರಾಲ್ಫ್ ಕ್ಲೋವರ್ಡ್ ಎಂಬ ನರಶಸ್ತ್ರವೈದ್ಯರು ಕತ್ತಿನ ಕೆಳಭಾಗದ ಮೂಳೆಗಳ ನಡುವಿನ ಮೆತ್ತೆಗಳಾದ ಡಿಸ್ಕ್‌ಗಳನ್ನು ಸೂಜಿಯಿಂದ ಕೆಣಕಿ, ನೋವು ಎಲ್ಲಿ ಕಾಣುತ್ತದೆ ಅಂತ ದಾಖಲಿಸಿದ್ದರು. ಹಲವರಿಗೆ ಅದು ಕಾಣಿಸಿದ್ದು ಭುಜದ ಮೂಳೆಯ ಒಳ ಅಂಚಿನಲ್ಲಿ! ಓದಿದಾಗ ಮೈ ಜುಂ ಅಂದಿತು. ಗೆಸ್ಸೊ ಮಾಡುವಾಗ ನಾವು ಕೂರುವುದು ಹೇಗೆ? ನೆಲದ ಮೇಲೆ, ಹಲಗೆ ಮಣೆಯ ಮೇಲೆ, ಗದ್ದ ಮುಂದಕ್ಕೆ, ಕಣ್ಣು ಕುಂಚದ ತುದಿಗೆ ಅಂಟಿಕೊಂಡಂತೆ. ತಲೆಯ ತೂಕ ಸುಮಾರು 5 ಕೆಜಿ. ಅದು ಮುಂದಕ್ಕೆ ಬಾಗಿದಷ್ಟೂ ಕತ್ತಿನ ಹಿಂಭಾಗ ಜಾಸ್ತಿ ಬಲ ಹಾಕಿ ಎಳೆದು ಹಿಡಿಯಬೇಕು. ಜೊತೆಗೆ ಉದ್ದ ಗೆರೆ ಎಳೆಯುವಾಗ ಉಸಿರು ಬಿಗಿಹಿಡಿಯುತ್ತೇವೆ ಅಲ್ವಾ? 12 ಜೊತೆ ಪಕ್ಕೆಲುಬುಗಳೂ ಮೇಲ್ಬೆನ್ನಿಗೇ ಸೇರಿಕೊಂಡಿವೆ. ಉಸಿರು ಬಿಗಿಹಿಡಿದರೆ ಆ ಭಾಗವೂ ಬಿಗಿಯುತ್ತದೆ.

ವ್ಯಾಯಾಮ ಕೊಟ್ಟಿದ್ದು ಸರಳ. ಗದ್ದವನ್ನು ನೇರ ಹಿಂದಕ್ಕೆ ಸರಿಸಿ ಸ್ವಲ್ಪ ಹಿಡಿದು ಬಿಡುವುದು. ಸುತ್ತಿದ ಟವೆಲ್ಲನ್ನು ಮೇಲ್ಬೆನ್ನಿನ ಅಡಿಗೆ ಅಡ್ಡ ಇಟ್ಟು ಅಂಗಾತ ಮಲಗುವುದು. ರಬ್ಬರ್ ಬ್ಯಾಂಡನ್ನು ಕಿಟಕಿಯ ಸರಳಿಗೆ ಕಟ್ಟಿ ಮೊಣಕೈ ಹಿಂದಕ್ಕೆಳೆಯುವುದು. ವಾರಗಳು ಕಳೆದಂತೆ ಉರಿ ಇಳಿಯುತ್ತಾ ಬಂತು. ಆದರೆ ಕುಂಚ ಹಿಡಿದು ಕೂತರೆ ಮತ್ತೆ ಹಾಜರ್. ಅಂದರೆ ಕೂರುವ ಜಾಗವನ್ನೇ ಬದಲಾಯಿಸಬೇಕು.

ಓರೆ ಮೇಜು ಮಾಡಲು ಹೊರಟೆ. ಪ್ಲೈವುಡ್ ಅಂಗಡಿಯವರು ಅಳತೆ ಬರೆದುಕೊಂಡೂ ಅಡ್ಡದಿಡ್ಡಿ ಕತ್ತರಿಸಿ ಕೊಟ್ಟರು. ಹಾರ್ಡ್‌ವೇರ್ ಅಂಗಡಿಯಲ್ಲಿ ಎತ್ತಿ ನಿಲ್ಲಿಸುವ ಸ್ಟೇ ಕೇಳಿದರೆ, ಪೂರ್ತಿ ತೆರೆದಾಗ ಮಾತ್ರ ನಿಲ್ಲುವ ಪೆಟ್ಟಿಗೆ ಮುಚ್ಚಳದ್ದು ಕೊಟ್ಟರು. ನಡುವೆ ಎಲ್ಲೂ ನಿಲ್ಲದು. ಕೊನೆಗೆ ರೀಪಿನಲ್ಲಿ ಹಲ್ಲು ಕೊರೆದು ಊರುಗೋಲು ಮಾಡಿದೆ. ಗಟ್ಟಿಯಾಗಿದೆ.

ಗೆರೆ ಎಳೆಯಲು, ಬಣ್ಣ ತುಂಬಲು ಸುಮಾರು 20 ಡಿಗ್ರಿ ಓರೆ ಸ್ವರ್ಗ. ಗೆಸ್ಸೊಗೆ ಮಾತ್ರ ನರಕ! ಜಿಂಕ್ ಆಕ್ಸೈಡ್, ಗೋಂದಿನ ಹದ ತೆಳುವಾಗಿದ್ದರೆ ಪ್ರತಿ ಮುತ್ತೂ ಕೆಳಗೆ ಜಾರಿ ಕಣ್ಣೀರಿನ ಹನಿಯಾಗುತ್ತದೆ. ಗಟ್ಟಿ ಮಾಡಿದರೆ ಕುಂಚ ಬಿಟ್ಟು ಇಳಿಯುವುದೇ ಇಲ್ಲ. ದೇವಿಯ ಪ್ರಭಾವಳಿ ಪೂರ್ತಿ ಅಳುತ್ತಿರುವಂತೆ ಕಂಡಿತು. ಒರೆಸಿ ಮತ್ತೆ ಶುರು.

ಗೆಸ್ಸೊಗೆ ಹಲಗೆ ಚಪ್ಪಟೆಯಾಗಿಯೇ ಇರಬೇಕು, ಕತ್ತು ಬಾಗಬಾರದು. ಎರಡನ್ನೂ ಕೂಡಿಸುವುದು ಎತ್ತರದಿಂದ ಮಾತ್ರ ಸಾಧ್ಯ. ಸೂಕ್ಷ್ಮ ಕೆಲಸಕ್ಕೆ ಮೇಲ್ಮೈ ಮೊಣಕೈಗಿಂತ 5ರಿಂದ 10 ಸೆಂ.ಮೀ. ಮೇಲಿರಬೇಕು ಅನ್ನುತ್ತಾರೆ. ಕುರ್ಚಿಯಲ್ಲಿ ಕೂತು ಅಳೆದು, ಮೇಜಿನ ಕಾಲಿಗೆ ಮರದ ತುಂಡು ಕೊಟ್ಟು ಏರಿಸಿದೆ. ಮುಂಗೈ ಊರಲು ಅಂಚಿನಲ್ಲಿ ಮೆತ್ತೆ. ಕತ್ತು ನೇರವಾಯಿತು. ಆದರೂ ಪ್ರಭಾವಳಿಯ ಬಲತುದಿಗೆ ಹೋದಾಗ ಭುಜ ಎತ್ತಿ, ಮೈ ತಿರುಚಿ ಕೈ ಚಾಚಬೇಕಿತ್ತು. ಅಲ್ಲೇ ನೋವು ಮತ್ತೆ ಇಣುಕಿತು.

ಉಪಾಯ ಸಿಕ್ಕಿದ್ದು ಹೋಟೆಲೊಂದರಲ್ಲಿ, ಮೇಜಿನ ನಡುವೆ ತಿರುಗುವ ತಟ್ಟೆ ನೋಡಿದಾಗ. ಅಂಥದ್ದೇ ಬೇರಿಂಗ್ ತರಿಸಿ ಹಲಗೆಯ ಅಡಿಗೆ ಕೂರಿಸಿದೆ. ಈಗ ನಾನು ತಿರುಗುವುದಿಲ್ಲ, ದೇವಿಯೇ ತಿರುಗುತ್ತಾಳೆ! ಕಮಾನಿನ ಯಾವ ಭಾಗವಾದರೂ ನನ್ನ ಎದೆಯ ಮುಂದೆಯೇ ಬರುತ್ತದೆ. ಬಾಗಿದ ಬಳ್ಳಿಯ ಗೆರೆಗಳೂ ಮೊದಲಿಗಿಂತ ನುಣುಪಾಗಿ ಬಂದಿವೆ. ಬೇರಿಂಗ್ ಜಾರದಿರಲು ಎರಡು ಬದಿ ಮರದ ಬೆಣೆ ಸಾಕು. ಒಂದು ಬಟ್ಟಲು ಗೆಸ್ಸೊ ಖಾಲಿಯಾದಾಗಲೆಲ್ಲ ಎದ್ದು ಗದ್ದ ಹಿಂದಕ್ಕೆ ಸರಿಸಿ, ನೀರು ಕುಡಿದು ಬರುತ್ತೇನೆ. ಅದಕ್ಕಾಗಿ ಸಣ್ಣ ಬಟ್ಟಲಲ್ಲೇ ಕಲೆಸುತ್ತೇನೆ.

ಈ ತಿರುಗು ಹಲಗೆ ನೋಡಿದಾಗಿನಿಂದ ತಲೆಯಲ್ಲಿ ಗಂಜೀಫಾ, ಅಂದರೆ ಕೈಯಲ್ಲಿ ಚಿತ್ರ ಬರೆದ ಹಳೆಯ ಇಸ್ಪೀಟಿನಂಥ ಎಲೆಗಳು, ಕುಣಿಯುತ್ತಿದೆ. ದಶಾವತಾರದ ಒಂದು ಪೂರ್ಣ ಕಟ್ಟು, 120 ದುಂಡು ಎಲೆ. ಮುಮ್ಮಡಿ ಕೃಷ್ಣರಾಜ ಒಡೆಯರು ಅಷ್ಟು ಪ್ರೀತಿಯಿಂದ ಬೆಳೆಸಿದ ಆಟ ಅದು. ಅಂಗೈಯೊಳಗಿನ ಎಲೆಯಲ್ಲಿ ಮತ್ಸ್ಯನ ಕಣ್ಣು ಬರೆಯಬೇಕೆಂದರೆ ಮುಖ ತಂತಾನೇ ಕೆಳಗಿಳಿಯುತ್ತದೆ. ಅದಕ್ಕೇ ಈಗಿಂದಲೇ ಕಬ್ಬಿಣದ ತೋಳಿಗೆ ಭೂತಗನ್ನಡಿ ಜೋಡಿಸುವ ಯೋಚನೆ. ಮೊದಲು ಕೂರ್ಮದಿಂದ ಶುರು ಮಾಡುತ್ತೇನೆ, ಬೆನ್ನು ಗಟ್ಟಿಯಿರುವವನು.

ಅದಕ್ಕೂ ಮೊದಲು ರಾಜರಾಜೇಶ್ವರಿಯ ಗೆಸ್ಸೊ ಮೇಲೆ ಚಿನ್ನದ ರೇಕು (ತೆಳು ಹಾಳೆ) ಅಂಟಿಸಬೇಕು. ಆನ್‌ಲೈನಿನಲ್ಲಿ ಅಸಲಿ ಅಂತ ಬಂದ ರೇಕಿನ ಪುಸ್ತಕದಲ್ಲಿ ಇದ್ದದ್ದು ಹಿತ್ತಾಳೆ ರೇಕು. ಕಿಟಕಿ ಹತ್ತಿರ ಇಟ್ಟಿದ್ದ ತುಂಡು ಆಗಲೇ ಕಪ್ಪಾಗುತ್ತಿದೆ. ವಾಪಸ್ ತೆಗೆದುಕೊಳ್ಳಲ್ಲ ಅನ್ನುತ್ತಿದ್ದಾರೆ. ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಬಿಡಿಯಾಗಿ ಅಸಲಿ ರೇಕು ಕೊಡುವವರು ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಗೆಸ್ಸೊ ಒಣಗಿ ಕಾಯುತ್ತಿದೆ.