ಕುರಿತಲೆ, ನೀಲಿ ಇಂಕು, ಜಿಂಕೆಯ ಕಣ್ಣು: ನಾಲ್ಕನೇ ತಲೆಯವರೆಗಿನ ಕಥೆ

ಜಿಂಕೆಯ ಕಣ್ಣಿನ ಆಪರೇಷನ್‌ಗೆ ಹಾಕುವ ಮರಗಟ್ಟಿಸುವ ಮದ್ದು ಎಲ್ಲಿಗೆ ಹೋಗುತ್ತದೆ ಅಂತ ತಿಳಿಯಲು ಕುರಿತಲೆಗಳಿಗೆ ನೀಲಿ ಇಂಕು ಚುಚ್ಚಿ ನೋಡುತ್ತಿದ್ದೇನೆ. ಇಲ್ಲಿಯವರೆಗೆ ನಾಲ್ಕು ತಲೆ ಮುಗಿದಿವೆ. ಎರಡು ಪೂರ್ತಿ ಹಾಳು, ಮೂರನೆಯದು ಅರ್ಧಂಬರ್ಧ, ನಾಲ್ಕನೆಯದು ಪಾಸ್.

ಹೊಸದಾಗಿ ಓದುತ್ತಿರುವವರಿಗೆ ಸ್ವಲ್ಪ ಹಿನ್ನೆಲೆ. ನಾನು ಮದ್ದೂರು ಕಡೆಯ ದನದ ಡಾಕ್ಟರು. ಕಣ್ಣಿನ ಸುತ್ತ ಬಿಳಿ ಚರ್ಮ ಇರುವ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಹಸುಗಳಿಗೆ ಕೆಲವೊಮ್ಮೆ ಕಣ್ಣಲ್ಲಿ ಕ್ಯಾನ್ಸರ್ ಗಡ್ಡೆ ಬರುತ್ತದೆ. ಹಸುವನ್ನು ಟ್ರೆವಿಸ್‌ನಲ್ಲಿ (ದನ ಅಲುಗಾಡದಂತೆ ಹಿಡಿಯುವ ಚೌಕಟ್ಟು) ನಿಲ್ಲಿಸಿಯೇ ಬ್ಲಾಕ್ ಹಾಕಿ, ಅಂದರೆ ನರದ ಹತ್ತಿರ ಮದ್ದು ಚುಚ್ಚಿ ಮರಗಟ್ಟಿಸಿ, ಕಣ್ಣು ತೆಗೆದು, ಹೊಲಿಗೆ ಹಾಕಿ ಬರುತ್ತೇನೆ. ಹಳೆಯ ಕ್ಲಾಸ್‌ಮೇಟ್ ಒಬ್ಬ ನ್ಯೂಜಿಲೆಂಡಿನಲ್ಲಿದ್ದಾನೆ. ಅಲ್ಲಿ 1969ರಿಂದ ಜಿಂಕೆ ಸಾಕಣೆಗೆ ಕಾನೂನಿನ ಒಪ್ಪಿಗೆ ಇದೆ. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಇರುವುದರಿಂದ ಯಾರ ಕೊಟ್ಟಿಗೆಯಲ್ಲೂ ಜಿಂಕೆ ಕಾಣುವುದಿಲ್ಲ, ಕಾಣಲೂಬಾರದು. ಒಂದು ರಾತ್ರಿ ಅವನು ಫೋನ್‌ನಲ್ಲಿ ಕೇಳಿದ: "ನೀನು ಹಸುವಿಗೆ ಹಾಕೋ ಬ್ಲಾಕನ್ನ ಜಿಂಕೆಗೆ ಹಾಕಿದ್ರೆ ಮದ್ದು ಎಲ್ಲಿಗೆ ಹೋಗುತ್ತೆ, ಕಣ್ಣಾರೆ ನೋಡಿದ್ದೀಯಾ?" ಹಸುವಿನಲ್ಲೇ ನೋಡಿರಲಿಲ್ಲ! ಹದಿನೈದು ವರ್ಷದಿಂದ ಅಂದಾಜಿನ ಮೇಲೆ ಸೂಜಿ ಚುಚ್ಚುತ್ತಿದ್ದೇನೆ ಅಂತ ಆಗ ಹೊಳೆಯಿತು.

ಜಿಂಕೆಯ ತಲೆಯಂತೂ ಸಿಗುವುದಿಲ್ಲ. ಭಾನುವಾರ ಬೆಳಗ್ಗೆ ಮಟನ್ ಅಂಗಡಿಗೆ ಹೋಗಿ ಬನ್ನೂರು ಕುರಿಯ ತಲೆ ಕೇಳಿದೆ. ಚರ್ಮ ಸಮೇತ, ಸುಡದೆ. "ಸುಡ್ದೆ ಸಾರು ಹೆಂಗ್ ಮಾಡ್ತೀರಾ ಸಾರ್?" ಅಂದ. ಸಾರಿಗಲ್ಲ ಅಂದರೆ ಇನ್ನೂ ಅನುಮಾನ ಬರುತ್ತದೆ ಅಂತ ಸುಮ್ನೆ ನಕ್ಕು ಬಂದೆ.

ಒಂದನೇ ತಲೆ: ಕಣ್ಣುಗುಡ್ಡೆಯ ಹಿಂದೆ ನಾಲ್ಕು ದಿಕ್ಕಿನಿಂದ ಚುಚ್ಚುವ ವಿಧಾನ. ಮದ್ದಿನ ಬದಲು ನೀಲಿ ಇಂಕು. ಸೂಜಿಯನ್ನು ಬಾಗಿಸದೆ ನೇರ ಹಾಕಿದೆ, ಗುಡ್ಡೆಯೊಳಗೇ ಹೋಯಿತು. ಕುರಿಯ ಕಣ್ಣು ಪೂರ್ತಿ ನೀಲಿ. ಬದುಕಿರುವ ಪ್ರಾಣಿ ಆಗಿದ್ದರೆ ಕಣ್ಣು ಉಳಿಸುವ ಆಪರೇಷನ್ ಅಲ್ಲಿಗೇ ಮುಗಿಯುತ್ತಿತ್ತು. ಎರಡನೆಯದರಲ್ಲಿ ಸೂಜಿ ಬಾಗಿಸಿದ್ದೆ, ಆದರೆ ತೀರಾ ಆಳಕ್ಕೆ ಹೋಗಿ ದೃಷ್ಟಿನರದ ಪೊರೆಗೆ ಇಂಕು ಸೇರಿತ್ತು. ಇದು ಮೊದಲಿನದಕ್ಕಿಂತ ಕೆಟ್ಟದ್ದು. ಆ ಪೊರೆಯ ಸಂದು ಮೆದುಳಿನವರೆಗೂ ಹೋಗುತ್ತದೆ. ಅಲ್ಲಿಗೆ ಲಿಗ್ನೋಕೇನ್ (ಮರಗಟ್ಟಿಸುವ ಮದ್ದು) ಹೋದರೆ ಫಿಟ್ಸ್ ಬರಬಹುದು, ಉಸಿರೇ ನಿಲ್ಲಬಹುದು.

ಮೂರು ಮತ್ತು ನಾಲ್ಕರಲ್ಲಿ ಪೀಟರ್ಸನ್ ಬ್ಲಾಕ್. ಕಣ್ಣಿನ ಹಿಂದಿನ ಎಲುಬಿನ ಸಂದಿನಿಂದ ಒಳಗೆ ಹೋಗಿ, ನರಗಳು ತಲೆಬುರುಡೆಯಿಂದ ಹೊರಬರುವ ತೂತಿನ ಹತ್ತಿರ ಮದ್ದು ಬಿಡುವುದು. ಕಣ್ಣು ಆಡಿಸುವ ನರಗಳೂ ನೋವು ತಿಳಿಸುವ ನರಗಳೂ ಅಲ್ಲಿ ಒಟ್ಟಿಗೆ ಬರುತ್ತವೆ. ಹಸುವಿಗೆ ಬಳಸುವ ಉದ್ದ ಸೂಜಿಯ ಅರ್ಧವೂ ಬೇಕಾಗಲಿಲ್ಲ. ಮೂರನೆಯದರಲ್ಲಿ ಇಂಕು ದವಡೆಯ ಸ್ನಾಯುವಿನಲ್ಲೇ ನಿಂತಿತ್ತು. ನಾಲ್ಕನೆಯದನ್ನು ಗರಗಸದಲ್ಲಿ ಕೊಯ್ದು ತೆರೆದಾಗ ತೂತಿನ ಬಾಯಲ್ಲಿ ನೀಲಿ! ಮನೆಯವರನ್ನು ಕರೆದು ತೋರಿಸಿದೆ. "ಫ್ರಿಜ್ ಯಾವಾಗ ಖಾಲಿ ಆಗುತ್ತೆ?" ಅಂದರು.

ಆದರೆ ಇಷ್ಟಕ್ಕೇ ರೆಪ್ಪೆ ಸುಮ್ಮನಿರುವುದಿಲ್ಲ. ರೆಪ್ಪೆ ಮುಚ್ಚಿಸುವುದು ಮುಖದ ನರ, ಅದಕ್ಕೆ ಕಿವಿಯ ಮುಂದೆ ಬೇರೆ ಚುಚ್ಚಬೇಕು. ಅದು ರೆಪ್ಪೆಯ ಚಲನೆ ನಿಲ್ಲಿಸುತ್ತದೆ ಅಷ್ಟೆ, ನೋವು ನಿಲ್ಲಿಸುವುದಿಲ್ಲ. ಈ ಎರಡನ್ನೂ ಒಂದೇ ಅಂದುಕೊಂಡು ಕತ್ತರಿ ಹಾಕಿದವರನ್ನು ನೋಡಿದ್ದೇನೆ. ಕಣ್ಣು ಉಳಿಸಿಕೊಳ್ಳುವ ಕೆಲಸವಾದರೆ ಮುಲಾಮನ್ನೂ ಮರೆಯಬಾರದು. ಮಿಟುಕಿಸದ ಕಣ್ಣು ಬೇಗ ಒಣಗುತ್ತದೆ.

ಇನ್ನು ಮಂಪರಿನ ವಿಷಯ. ಕುರಿತಲೆ ಇದನ್ನು ಕಲಿಸುವುದಿಲ್ಲ, ಗೆಳೆಯನ ಹತ್ತಿರ ಗಂಟೆಗಟ್ಟಲೆ ಕೇಳಿ ಬರೆದುಕೊಂಡಿದ್ದೇನೆ. ಹಸುವಿಗೆ ಮಂಪರು ಬರಿಸುವ ಕ್ಸೈಲಜೀನ್ ಸ್ವಲ್ಪವೇ ಸಾಕು, ಕುದುರೆಗೆ ಕೊಡುವುದರ ಹತ್ತನೇ ಒಂದು ಭಾಗ. ಜಿಂಕೆಯೂ ಮೆಲುಕು ಹಾಕುವ ಪ್ರಾಣಿಯೇ, ಆದರೂ ಹಸುವಿನ ಲೆಕ್ಕ ಅದಕ್ಕೆ ಸಾಲುವುದಿಲ್ಲ. ಹೆದರಿದ ಜಿಂಕೆಗಂತೂ ಇನ್ನೂ ಜಾಸ್ತಿ ಬೇಕು. ಮೊದಲು ಕತ್ತಲ ಕೋಣೆ, ಕಣ್ಣಿಗೆ ಬಟ್ಟೆ, ಮಾತಿಲ್ಲದ ಜನ. ಆಮೇಲೆ ಸೂಜಿ. ಓಡಿಸಿ ಹಿಡಿದ ಜಿಂಕೆಯ ಸ್ನಾಯುಗಳೇ ಕೊಳೆತಂತಾಗಿ, ಆಪರೇಷನ್ ಚೆನ್ನಾಗಿ ಆದರೂ ಕೆಲವು ದಿನದ ಮೇಲೆ ಸಾಯುವುದುಂಟು.

ಕಾಡುಜಿಂಕೆ, ಜೂ ಜಿಂಕೆಗಳಿಗೆ ಕ್ಸೈಲಜೀನ್ ಜೊತೆ ಕೆಟಮಿನ್ ಅನ್ನುವ ಅರಿವಳಿಕೆ ಮದ್ದು ಸೇರಿಸುತ್ತಾರೆ. ಹೆಲ್ಲಾಬ್ರುನ್ ಮಿಶ್ರಣ ಅಂತ ಹೆಸರು, ಮ್ಯೂನಿಕ್‌ನ ಜೂನಿಂದ ಬಂದದ್ದು. ಒಂದು ಎಂಎಲ್‌ನಲ್ಲಿ 125 ಮಿಲಿಗ್ರಾಂ ಕ್ಸೈಲಜೀನ್, 100 ಮಿಲಿಗ್ರಾಂ ಕೆಟಮಿನ್. ಸಾಕಿದ, ಪಳಗಿದ ಜಿಂಕೆಗೆ ಒಳ್ಳೆಯ ಬ್ಲಾಕ್ ಇದ್ದರೆ ಕ್ಸೈಲಜೀನ್ ಕಡಿಮೆಯಲ್ಲೇ ಮುಗಿಸಬಹುದು ಅನ್ನುವುದು ನಮ್ಮಿಬ್ಬರ ವಾದ. ಬ್ಲಾಕ್ ಇಲ್ಲದಿದ್ದರೆ, ಮಂಪರಿನಲ್ಲಿ ಕಲ್ಲಿನಂತೆ ಕೂತ ಜಿಂಕೆ ಕತ್ತರಿ ತಗುಲಿದ ತಕ್ಷಣ ಎಗರಿ ಒದೆಯುತ್ತದೆ. ಮಂಪರು ಬೇರೆ, ಮರಗಟ್ಟುವುದು ಬೇರೆ, ಅಲ್ವಾ? ಕಣ್ಣನ್ನು ಎಳೆದಾಗ ಹೃದಯದ ಬಡಿತ ಇಳಿಯುವುದೂ ಉಂಟು, ಕ್ಸೈಲಜೀನ್ ಅದನ್ನು ಮೊದಲೇ ಇಳಿಸಿರುತ್ತದೆ. ಕೊನೆಯಲ್ಲಿ ಯೋಹಿಂಬಿನ್ ಅಥವಾ ಅಟಿಪಮೆಜೋಲ್ ಕೊಟ್ಟು ಎಬ್ಬಿಸಿದರೆ ಕ್ಸೈಲಜೀನ್‌ನ ನೋವುಶಮನವೂ ಹೋಗುತ್ತದೆ. ಆಗ ಕೈಹಿಡಿಯುವುದು ಲಿಗ್ನೋಕೇನ್ ಒಂದೇ.

ಅದಕ್ಕೂ ಮಿತಿ ಇದೆ. ಕಿಲೋಗೆ 5 ಮಿಲಿಗ್ರಾಂ ಅನ್ನುವುದು ನಾನು ಹಾಕಿಕೊಂಡ ಗೆರೆ. 45 ಕಿಲೋ ಹೆಣ್ಣು ಜಿಂಕೆಗೆ 225 ಮಿಲಿಗ್ರಾಂ, ಅಂದರೆ ಎರಡು ಪರ್ಸೆಂಟ್ ಮದ್ದು ಬರೀ 11 ಎಂಎಲ್. ಹಸುವಿಗೆ ಒಂದು ಪೀಟರ್ಸನ್‌ಗೇ 15 ಎಂಎಲ್ ಸುರಿಯುವ ಕೈ ನನ್ನದು. ಅಭ್ಯಾಸ ಬದಲಿಸಬೇಕು. ಮಲಗಿಸುವಾಗ ಎದೆಯ ಮೇಲೆ, ಕತ್ತು ಎತ್ತರಕ್ಕೆ, ಮೂತಿ ಕೆಳಕ್ಕೆ. ಜೊಲ್ಲು ಹೊರಗೆ ಹರಿಯಬೇಕು, ಹೊಟ್ಟೆ ಉಬ್ಬಬಾರದು. ಜ್ವರ ನೋಡುತ್ತಿರಬೇಕು, 41 ಡಿಗ್ರಿ ದಾಟುವ ಮೊದಲೇ ತಣ್ಣೀರು.

ಐದನೇ ತಲೆ ಹೋತದ್ದು. ಬನ್ನೂರು ಕುರಿಗೆ ಕೊಂಬಿಲ್ಲ. ಜಿಂಕೆಯ ಕೊಂಬಿಗೆ ಹೋಗುವ ಎರಡು ನರಗಳು ಕಣ್ಣಿನ ಗುಳಿಯ ಪಕ್ಕದಿಂದಲೇ ಹೊರಡುತ್ತವೆ, ಮೇಕೆಯ ಕೊಂಬಿಗೂ ಅವೇ ಎರಡು. ಪೀಟರ್ಸನ್‌ನ ಇಂಕು ಅವನ್ನೂ ಮುಟ್ಟುತ್ತದಾ ಅಂತ ನೋಡಬೇಕು. ಅಂಗಡಿಯವನಿಗೆ ಹೇಳಿಟ್ಟಿದ್ದೇನೆ, ಕೊಂಬು ಸಮೇತ ಅಂತ. ಈ ಸಲ ಅವನು ಏನೂ ಕೇಳಲಿಲ್ಲ.