ಅಂಗಡಿಯಲ್ಲಿ ಜಾರಿ ಬಿದ್ದರೆ: ಸಿಡ್ನಿಗೆ ಬರುವ ಹಿರಿಯರಿಗಾಗಿ

ಮಕ್ಕಳನ್ನು ನೋಡಲು ಊರಿನಿಂದ ಸಿಡ್ನಿಗೆ ಬರುವ ಹಿರಿಯರಿಗೆ ಸೂಪರ್‌ಮಾರ್ಕೆಟ್ಟಿಗೆ ಹೋಗಿಬರುವುದು ಬಹುಬೇಗ ದಿನಚರಿಯೇ ಆಗಿಬಿಡುತ್ತದೆ. ಅಲ್ಲಿನ ನುಣುಪು ನೆಲದ ಮೇಲೆ ಒಂದು ದ್ರಾಕ್ಷಿಯೋ ಸೋರಿದ ಹಾಲೋ ಬಿದ್ದಿದ್ದರೆ ಸಾಕು, ಮೂಳೆ ಮುರಿಯಬಹುದು. ಹಾಗಾದಾಗ ಇಲ್ಲಿನ ಕಾನೂನಿನಲ್ಲಿ ಇರುವ ದಾರಿಗಳನ್ನು ಅವರು ಹೊರಡುವ ಮೊದಲೇ ತಿಳಿದಿರಬೇಕೆಂಬುದು ನನ್ನ ಕಳಕಳಿ.

ಸಿಡ್ನಿ ಇರುವ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ಇಂಥ ಪ್ರಕರಣಗಳಿಗೆ ಅನ್ವಯಿಸುವುದು 2002ರ ಸಿವಿಲ್ ಲಯಬಿಲಿಟಿ ಕಾಯ್ದೆ. ಬಿದ್ದೆ ಎಂಬ ಒಂದೇ ಕಾರಣಕ್ಕೆ ಪರಿಹಾರ ಸಿಗುವುದಿಲ್ಲ. ಅಂಗಡಿಯವರು ತಕ್ಕ ಎಚ್ಚರ ವಹಿಸಲಿಲ್ಲ ಮತ್ತು ಆ ಲೋಪದಿಂದಲೇ ಪೆಟ್ಟಾಯಿತು ಎಂಬ ಎರಡನ್ನೂ ಬಿದ್ದವರೇ ರುಜುವಾತುಪಡಿಸಬೇಕು.

ಎರಡನೆಯದು ಎಷ್ಟು ಕಷ್ಟವೆಂಬುದು ಟಾರೀ ಪಟ್ಟಣದ ಪ್ರಕರಣದಿಂದ ತಿಳಿಯುತ್ತದೆ. 2004ರ ಸೆಪ್ಟೆಂಬರ್ 24ರಂದು ಮಧ್ಯಾಹ್ನ ಸುಮಾರು ಹನ್ನೆರಡೂವರೆಗೆ, ಒಂದು ಕಾಲು ಕಳೆದುಕೊಂಡು ಊರುಗೋಲುಗಳ ಮೇಲೆ ನಡೆಯುತ್ತಿದ್ದ ಮಹಿಳೆಯೊಬ್ಬರು, ವೂಲ್‌ವರ್ತ್ಸ್ ಕಂಪನಿಯ ಬಿಗ್ ಡಬ್ಲ್ಯೂ ಮಳಿಗೆಯ ಮುಂದೆ, ಜಿಡ್ಡಿನ ಒಂದು ಆಲೂ ಚಿಪ್ಸ್ ತುಂಡಿನ ಮೇಲೆ ಊರುಗೋಲು ಊರಿ ಜಾರಿ ಬಿದ್ದರು. ಆ ತುಂಡು ಅಲ್ಲಿ ಯಾವಾಗ ಬಿತ್ತೆಂದು ಕಂಡವರಿರಲಿಲ್ಲ. ಅದು ಊಟದ ಹೊತ್ತು, ಚಿಪ್ಸ್ ಆಗತಾನೇ ಬಿದ್ದಿದ್ದರೂ ಇರಬಹುದು ಎಂದು ರಾಜ್ಯದ ಮೇಲ್ಮನವಿ ನ್ಯಾಯಾಲಯ ಆಕೆಯ ಪರವಾದ ತೀರ್ಪನ್ನು ರದ್ದುಪಡಿಸಿತು. 2012ರಲ್ಲಿ ಆಸ್ಟ್ರೇಲಿಯಾದ ಹೈಕೋರ್ಟ್, ಅಂದರೆ ಇಲ್ಲಿನ ಸರ್ವೋಚ್ಚ ನ್ಯಾಯಾಲಯ, ಇದನ್ನು ಒಪ್ಪಲಿಲ್ಲ. ಸುಮಾರು ಇಪ್ಪತ್ತು ನಿಮಿಷಕ್ಕೊಮ್ಮೆ ನೆಲವನ್ನು ನೋಡಿ ಗುಡಿಸಬೇಕಿದ್ದ ಜಾಗದಲ್ಲಿ ಬೆಳಿಗ್ಗೆ ಎಂಟರಿಂದ ಅದಕ್ಕೆ ತಕ್ಕ ವ್ಯವಸ್ಥೆಯೇ ಇರಲಿಲ್ಲ. ಹಾಗಿರುವಾಗ ಚಿಪ್ಸ್ ಕೊನೆಯ ಇಪ್ಪತ್ತು ನಿಮಿಷಗಳಲ್ಲಿ ಬಿದ್ದಿರುವುದಕ್ಕಿಂತ ಅದಕ್ಕೂ ಮೊದಲಿನ ನಾಲ್ಕು ಗಂಟೆಗಳಲ್ಲಿ ಬಿದ್ದಿರುವ ಸಂಭವವೇ ಹೆಚ್ಚು ಎಂದು ಬಹುಮತದ ನ್ಯಾಯಮೂರ್ತಿಗಳು ತೀರ್ಮಾನಿಸಿದರು. ಜನಸಾಮಾನ್ಯರ ಪಾಲಿಗೆ ಇದು ದೊಡ್ಡ ಬಲವೆಂದೇ ನಾನು ತಿಳಿದಿದ್ದೇನೆ, ಏಕೆಂದರೆ ಯಾರೂ ಕಾಣದ ಕ್ಷಣಕ್ಕೆ ಸಾಕ್ಷಿ ತರಲು ಯಾರಿಂದ ತಾನೇ ಸಾಧ್ಯ?

ಆದರೆ ನಮ್ಮವರಲ್ಲಿ ಅನೇಕರು ಇಷ್ಟು ದೂರ ಬರುವುದೇ ಇಲ್ಲ. ನಮ್ಮ ನೆರೆಮನೆಯವರ ತಾಯಿ ಹಣ್ಣಿನ ವಿಭಾಗದಲ್ಲಿ ದ್ರಾಕ್ಷಿ ತುಳಿದು ಬಿದ್ದಾಗ, ಓಡಿಬಂದ ಹುಡುಗಿಗೆ ಸೆರಗು ಸರಿಪಡಿಸಿಕೊಳ್ಳುತ್ತಲೇ "ಏನೂ ಆಗಿಲ್ಲಮ್ಮ" ಎಂದು ಕೈಯಾಡಿಸಿ, ನಾಲ್ಕು ಜನ ನೋಡಿದರಲ್ಲಾ ಎಂಬ ಸಂಕೋಚದಲ್ಲೇ ಮನೆಗೆ ಬಂದಿದ್ದರು. ರಾತ್ರಿಯ ಹೊತ್ತಿಗೆ ಮಣಿಕಟ್ಟು ಊದಿ, ಎಕ್ಸ್‌ರೇಯಲ್ಲಿ ಮುರಿತ ಕಂಡಿತು. ಅಷ್ಟರಲ್ಲಿ ನೆಲ ಒರೆಸಿಯಾಗಿತ್ತು. ಅಂಗಡಿಯ ದಾಖಲೆಯಲ್ಲಿ ಒಂದು ಸಾಲೂ ಇರಲಿಲ್ಲ.

ಆದ್ದರಿಂದ ಬಿದ್ದ ತಕ್ಷಣ ಮ್ಯಾನೇಜರನ್ನು ಕರೆಸಿ ಘಟನೆಯನ್ನು ಬರೆಸಿ ಅದರ ಪ್ರತಿ ಕೇಳಬೇಕು, ನೆಲದ ಮತ್ತು ಪಾದರಕ್ಷೆಯ ಫೋಟೋ ತೆಗೆಯಬೇಕು, ಕಂಡವರ ಫೋನ್ ನಂಬರ್ ಪಡೆಯಬೇಕು, ಅದೇ ದಿನ ವೈದ್ಯರಿಗೆ ತೋರಿಸಬೇಕು. ಸಿಸಿಟಿವಿ ದೃಶ್ಯ ಮತ್ತು ನೆಲ ಗುಡಿಸಿದ ವೇಳಾಪಟ್ಟಿಯನ್ನು ಕಾಪಾಡಿಡಿ ಎಂದು ಬರವಣಿಗೆಯಲ್ಲಿ ಕೇಳುವುದು ಎಲ್ಲಕ್ಕಿಂತ ಮುಖ್ಯ, ಏಕೆಂದರೆ ಟಾರೀ ಪ್ರಕರಣ ನಿಂತದ್ದೇ ಗುಡಿಸುವ ವ್ಯವಸ್ಥೆಯ ಮೇಲೆ.

ದಾವೆ ಹೂಡಲು ಸಾಮಾನ್ಯವಾಗಿ ಮೂರು ವರ್ಷಗಳ ಕಾಲಮಿತಿಯಿದೆ. ನೋವು ಮತ್ತು ಸಂಕಟಕ್ಕೆ ಪರಿಹಾರ ಸಿಗಬೇಕಾದರೆ, ಊಹಿಸಬಹುದಾದ ಅತ್ಯಂತ ಗಂಭೀರ ಗಾಯಕ್ಕೆ ಹೋಲಿಸಿ ಪೆಟ್ಟಿನ ತೀವ್ರತೆ ಕನಿಷ್ಠ ಶೇಕಡಾ 15ರಷ್ಟಿರಬೇಕು. ಚಿಕಿತ್ಸೆಯ ವೆಚ್ಚಕ್ಕೆ ಈ ಮಿತಿಯಿಲ್ಲ. ಗೆದ್ದರೆ ಮಾತ್ರ ಶುಲ್ಕ ಎನ್ನುವ ವಕೀಲರು ಸಿಗುತ್ತಾರೆ, ಆದರೆ ಸೋತರೆ ಎದುರು ಪಕ್ಷದ ಖರ್ಚು ಯಾರ ತಲೆಗೆ ಬರುತ್ತದೆಂದು ಸಹಿ ಹಾಕುವ ಮೊದಲೇ ಕೇಳಿಕೊಳ್ಳಬೇಕು.

ಪ್ರವಾಸಿ ವೀಸಾದಲ್ಲಿ ಬಂದವರಿಗೂ ಈ ಹಕ್ಕು ಇದೆ. ಆದರೆ ಮೆಡಿಕೇರ್ ಎಂಬ ಇಲ್ಲಿನ ಸರ್ಕಾರಿ ಆರೋಗ್ಯ ಯೋಜನೆಯ ಸೌಲಭ್ಯಕ್ಕೆ ಭಾರತದೊಂದಿಗೆ ಒಪ್ಪಂದವಿಲ್ಲದ ಕಾರಣ ಆಸ್ಪತ್ರೆಯ ಖರ್ಚು ಮೊದಲು ಕೈಯಿಂದಲೇ ಹೋಗುತ್ತದೆ. ಹೊರಡುವ ಮುನ್ನ ವಿಮೆ ಮಾಡಿಸಿ. ಊರಿಗೆ ಮರಳಿದ ಮೇಲೂ ಮೊಕದ್ದಮೆ ಮುಂದುವರಿಸಬಹುದಾದ್ದರಿಂದ, ಅಲ್ಲಿ ಮಾಡಿಸಿದ ಫಿಸಿಯೋಥೆರಪಿಯ ರಸೀದಿಗಳನ್ನೂ ಜೋಪಾನವಾಗಿ ಇಡಿ.