ವೇಗ ಬಂತು, ಬಿಬಿ ಬರಲಿಲ್ಲ

ಮೇಜಿನ ಮೇಲಿದ್ದದ್ದು ವರ್ಷನ್ 2 ಗೇರ್‌ಬಾಕ್ಸ್ ಇರುವ ಎಂ4 ಮಾದರಿಯ ಎಲೆಕ್ಟ್ರಿಕ್ ಏರ್‌ಸಾಫ್ಟ್ ಗನ್. ಮೋಟಾರ್ ಗೇರುಗಳನ್ನು ತಿರುಗಿಸಿ, ಸ್ಪ್ರಿಂಗಿನ ಜೊತೆ ಪಿಸ್ಟನ್ನನ್ನು ಹಿಂದೆಳೆದು ಬಿಟ್ಟಾಗ, ಆ ಗಾಳಿಯ ಬಲಕ್ಕೆ ಬಿಬಿ ಎಂಬ ಸಣ್ಣ ಪ್ಲಾಸ್ಟಿಕ್ ಗುಂಡು ಹಾರುವ ಆಟದ ಗನ್. ಮೂಲ ಬಿಡಿಭಾಗಗಳಿದ್ದಾಗ ಯಾವ ತಕರಾರೂ ಇಲ್ಲದೆ ಓಡುತ್ತಿತ್ತು. ಆಮೇಲೆ ಅದಕ್ಕೆ ಬಲವಾದ ಎಂ120 ಸ್ಪ್ರಿಂಗ್, ವೇಗದ 13:1 ಗೇರ್ ಸೆಟ್, ಬಲವಾದ ಮೋಟಾರ್, ಒಳಗೆ ಓ-ರಿಂಗ್ ಇರುವ ಅಲ್ಯೂಮಿನಿಯಂ ನಾಝಲ್ (ಬಿಬಿಯನ್ನು ಮುಂದೆ ತಳ್ಳಿ ಗಾಳಿ ಕೊಡುವ ಕೊಳವೆ), ಹೊಸ ಹಾಪ್‌ಅಪ್ ಬಕಿಂಗ್ (ಬ್ಯಾರಲ್ಲಿನ ಹಿಂದಿರುವ ಚೇಂಬರಿನಲ್ಲಿ ಕೂತು ಬಿಬಿಗೆ ಹಿಮ್ಮುಖ ಸುತ್ತು, ಅಂದರೆ ಹಾಪ್, ಕೊಡುವ ರಬ್ಬರ್), 6.03 ಮಿ.ಮೀ. ಬ್ಯಾರಲ್, ಪಿಸ್ಟನ್ ಎಳೆಯುವ ಸೆಕ್ಟರ್ ಗೇರಿಗೆ ಡಿಲೇಯರ್ ಚಿಪ್ (ನಾಝಲ್ಲನ್ನು ಹೆಚ್ಚು ಹೊತ್ತು ಹಿಂದೆ ಹಿಡಿಯುವ ತುಣುಕು), 11.1 ವೋಲ್ಟ್ ಲಿಪೋ ಬ್ಯಾಟರಿ, ಇಷ್ಟೂ ಒಂದೇ ಸಲಕ್ಕೆ ಸೇರಿದವು. ಸೆಮಿಯಲ್ಲಿ, ಅಂದರೆ ಒಂದು ಒತ್ತಿಗೆ ಒಂದರಂತೆ, ನಿಧಾನಕ್ಕೆ ಹೊಡೆದರೆ ಹೆಚ್ಚುಕಡಿಮೆ ಸರಿ. ಆಟೋಗೆ ಹಾಕಿ ಟ್ರಿಗರ್ ಒತ್ತಿ ಹಿಡಿದರೆ ನಾಲ್ಕೈದು ಬಿಬಿ ಹೋಗಿ ಒಂದು ಖಾಲಿ, ಮತ್ತೆರಡು ಹೋಗಿ ಮತ್ತೆ ಖಾಲಿ. ನಡುನಡುವೆ ಒಂದೊಂದು ಬಿಬಿ ಬಲವೇ ಇಲ್ಲದೆ ಹತ್ತು ಹೆಜ್ಜೆ ಆಚೆ ನೆಲಕ್ಕೆ ಬೀಳುತ್ತಿತ್ತು.

ಎಲ್ಲ ಭಾಗಗಳನ್ನೂ ಒಟ್ಟಿಗೆ ಬದಲಿಸಿದರೆ ತಪ್ಪು ಯಾವುದರದ್ದು ಎಂದು ಹೇಳುವವರೇ ಇರುವುದಿಲ್ಲ. ಇಂಥ ಗನ್ ಕೈಗೆ ಬಂದಾಗ ಬಹಳ ಮಂದಿ ನೇರವಾಗಿ ಗೇರ್‌ಬಾಕ್ಸ್ ಬಿಚ್ಚಲು ಕೂರುತ್ತಾರೆ. ಅದು ಕೊನೆಯ ಕೆಲಸ. ಬಿಬಿ, ಮ್ಯಾಗಜೀನ್, ಚೇಂಬರ್, ನಾಝಲ್, ಆಮೇಲೆ ಗೇರ್‌ಬಾಕ್ಸ್. ಬಿಬಿ ಯಾವ ದಾರಿಯಲ್ಲಿ ಬರುತ್ತದೋ ಅದೇ ದಾರಿಯಲ್ಲಿ ಹುಡುಕಬೇಕು.

ಹುಡುಕುವ ಮೊದಲು ಒಂದು ಲೆಕ್ಕ. ಫೋನಿನಲ್ಲಿ ಆಟೋ ಸದ್ದನ್ನು ರೆಕಾರ್ಡ್ ಮಾಡಿ, ಯಾವುದಾದರೂ ಆಡಿಯೋ ಎಡಿಟರಿನಲ್ಲಿ ತೆರೆದು ಒಂದು ಸೆಕೆಂಡಿನಲ್ಲಿ ಎಷ್ಟು ಶಿಖರಗಳಿವೆ ಎಂದು ಎಣಿಸಿದರೆ ಹೊಡೆತದ ವೇಗ ಸಿಗುತ್ತದೆ. ಈ ಗನ್ನಿನದು ಸೆಕೆಂಡಿಗೆ 28ರ ಆಸುಪಾಸು. ಮೂಲ ಸ್ಥಿತಿಯಲ್ಲಿ 7.4 ವೋಲ್ಟಿಗೆ 14 ಇತ್ತು. ಅಂದರೆ ಒಂದು ಸುತ್ತಿಗೆ ಮೊದಲು ಸುಮಾರು 71 ಮಿಲಿಸೆಕೆಂಡ್ ಇದ್ದದ್ದು ಈಗ 36ಕ್ಕೆ ಇಳಿದಿದೆ. ಆ 36ರಲ್ಲೂ ನಾಝಲ್ ಪೂರ್ತಿ ಹಿಂದೆ ಸರಿದು ಬಿಬಿಗೆ ದಾರಿ ಬಿಡುವುದು ಒಂದು ತುಣುಕು ಹೊತ್ತು ಮಾತ್ರ. ಅಷ್ಟರಲ್ಲಿ ಮ್ಯಾಗಜೀನಿನ ಸ್ಪ್ರಿಂಗ್ ಇಡೀ ಸಾಲನ್ನು ನಿಂತಲ್ಲಿಂದ 6 ಮಿ.ಮೀ. ಮೇಲಕ್ಕೆ ತಳ್ಳಬೇಕು. 0.28 ಗ್ರಾಮಿನ 120 ಬಿಬಿ ಎಂದರೆ 33 ಗ್ರಾಮ್ ದಾಟುತ್ತದೆ. ಸೆಕೆಂಡಿಗೆ 28 ಸಲ ಆ ತೂಕವನ್ನು ಎಳೆದು ನಿಲ್ಲಿಸಿ ಎಳೆದು ನಿಲ್ಲಿಸಿ ಮಾಡುವ ಕೆಲಸ ಅದು. ಅಪ್‌ಗ್ರೇಡ್ ಮಾಡಿದ ಗನ್ನಿನ ಫೀಡಿಂಗ್ (ಬಿಬಿ ಚೇಂಬರಿಗೆ ಏರುವ) ತೊಂದರೆ ಬಹುಪಾಲು ಶಕ್ತಿಯ ಕೊರತೆಯಲ್ಲ, ಸಮಯದ ಕೊರತೆ. ಹಳೆಯ ವೇಗದಲ್ಲಿ ಹೇಗೋ ನಡೆದುಹೋಗುತ್ತಿದ್ದ ಸಣ್ಣ ಸಡಿಲ, ಸಣ್ಣ ಬಿಗಿ ಎಲ್ಲವೂ ಹೊಸ ವೇಗದಲ್ಲಿ ಬಯಲಿಗೆ ಬರುತ್ತವೆ.

ಹಾಗಾಗಿ ಮೊದಲ ಪರೀಕ್ಷೆಗೆ ಸ್ಕ್ರೂಡ್ರೈವರ್ ಬೇಕಿಲ್ಲ. ಹಳೆಯ 7.4 ವೋಲ್ಟ್ ಬ್ಯಾಟರಿ ಹಾಕಿ ಅದೇ ಮ್ಯಾಗಜೀನನ್ನು ಖಾಲಿ ಮಾಡಿ ನೋಡುವುದು. ತೊಂದರೆ ಪೂರ್ತಿ ಹೋದರೆ ಅದು ಸಮಯದ್ದು. ಸ್ವಲ್ಪವೂ ಬದಲಾಗದಿದ್ದರೆ ಅಳತೆಯದ್ದು ಅಥವಾ ಜೋಡಣೆಯದ್ದು: ನಾಝಲ್ ಉದ್ದ, ಬಕಿಂಗ್ ಕೂತ ರೀತಿ, ಮ್ಯಾಗಜೀನಿನ ಎತ್ತರ, ಇಂಥವು. ಇಲ್ಲಿ ಬಲವಿಲ್ಲದ ಹೊಡೆತಗಳು ಪೂರ್ತಿ ನಿಂತವು, ಖಾಲಿ ಹೊಡೆತಗಳು ಕಡಿಮೆಯಾದವೇ ಹೊರತು ನಿಲ್ಲಲಿಲ್ಲ. ಒಂದರ ಮೇಲೊಂದು ಕೂತ ಎರಡು ತಪ್ಪುಗಳಿವೆ ಎಂಬ ಸುಳಿವು ಅದು. ಖಾಲಿ ಹೊಡೆತ ಎಂದರೆ ಬಿಬಿ ಮೇಲೇರಲಿಲ್ಲ. ಬಲವಿಲ್ಲದ ಹೊಡೆತ ಎಂದರೆ ಬಿಬಿ ಏರಿತು, ಆದರೆ ನಾಝಲ್ ಅದನ್ನು ಬಕಿಂಗಿನೊಳಗೆ ತಳ್ಳಿ ಮುಚ್ಚುವ ಮೊದಲೇ ಪಿಸ್ಟನ್ ಬಿಟ್ಟುಬಿಟ್ಟಿತು, ಗಾಳಿ ಪಕ್ಕದಿಂದ ಸೋರಿತು. ಈ ಎರಡನ್ನೂ ಒಂದೇ ಎಂದುಕೊಂಡರೆ ಒಂದಕ್ಕೆ ಮಾಡಿದ ಮದ್ದು ಇನ್ನೊಂದನ್ನು ಕೆಡಿಸುತ್ತದೆ.

ಖಾಲಿ ಹೊಡೆತವನ್ನು ‘ಆದರೆ ಆಗಲಿ’ ಎಂದು ಬಿಡುವಂತೆಯೂ ಇಲ್ಲ. ಮುಂದೆ ಬಿಬಿ ಇದ್ದಾಗ ಸಿಲಿಂಡರಿನ ಗಾಳಿ ಪಿಸ್ಟನ್ನಿಗೆ ಮೆತ್ತೆಯಾಗುತ್ತದೆ. ಬಿಬಿ ಇಲ್ಲದಿದ್ದರೆ ಎಂ120ರ ಪೂರ್ತಿ ಬಲ ಸಿಲಿಂಡರ್ ಹೆಡ್ಡಿಗೆ ಬಡಿಯುತ್ತದೆ.

ಬಿಬಿಯ ವಿಚಾರ ಬೇಗ ಮುಗಿಯಿತು. 6 ಮಿ.ಮೀ. ಎಂದು ಕರೆದರೂ ಒಳ್ಳೆಯ ಬಿಬಿ ಅಳತೆಗೆ 5.95 ಮಿ.ಮೀ. ಇರುತ್ತದೆ, ವ್ಯತ್ಯಾಸ 0.01. ಪೊಟ್ಟಣದಿಂದ ಒಂದಷ್ಟು ತೆಗೆದು ಡಿಜಿಟಲ್ ಕ್ಯಾಲಿಪರಿನಲ್ಲಿ ತಿರುಗಿಸಿ ತಿರುಗಿಸಿ ಅಳೆಯಬೇಕು, ಅಚ್ಚಿನ ಗೆರೆ ಉಗುರಿಗೆ ತಾಗುತ್ತದೆಯೇ ನೋಡಬೇಕು. ಗೆರೆ ತಾಗಿದರೆ ಇಡೀ ಪೊಟ್ಟಣವೇ ಬೇಡ. ನೆಲದಿಂದ ಹೆಕ್ಕಿದ ಬಿಬಿಯ ಬಗ್ಗೆ ಹೇಳುವುದೇನೂ ಇಲ್ಲ. 6.03 ಬ್ಯಾರಲ್ ಹಾಕಿದ್ದರಿಂದಲೇ ಹೀಗಾಯಿತು ಎಂದು ದೂರುವವರಿದ್ದಾರೆ. ಫೀಡಿಂಗ್‌ಗೂ ಬ್ಯಾರಲ್ಲಿನ ಒಳವ್ಯಾಸಕ್ಕೂ ಸಂಬಂಧ ತೀರಾ ಕಡಿಮೆ. ಬಿಬಿ ಬ್ಯಾರಲ್ ಮುಟ್ಟುವ ಹೊತ್ತಿಗೆ ಫೀಡಿಂಗ್ ಮುಗಿದಿರುತ್ತದೆ.

ಮ್ಯಾಗಜೀನಿನಲ್ಲಿ ಮೊದಲ ಕಳ್ಳ ಸಿಕ್ಕಿದ. ಹೊಡೆಯುವಾಗ ಮ್ಯಾಗಜೀನನ್ನು ಅಂಗೈಯಿಂದ ಮೇಲಕ್ಕೆ ಒತ್ತಿ ಹಿಡಿದರೆ ಖಾಲಿ ಹೊಡೆತ ಇಳಿಯುತ್ತಿತ್ತು, ಬಿಟ್ಟರೆ ಏರುತ್ತಿತ್ತು. ಅಂದರೆ ಅದು ಇರಬೇಕಾದದ್ದಕ್ಕಿಂತ ತಗ್ಗಿನಲ್ಲಿ ಕೂತಿದೆ. ಮ್ಯಾಗಜೀನಿನ ಬಾಯಲ್ಲಿರುವ ಬಿಬಿ ತಡೆಯುವ ಕೊಂಡಿಯನ್ನು ಪಕ್ಕಕ್ಕೆ ಸರಿಸುವುದು ಚೇಂಬರಿನ ಕೆಳಭಾಗ. ಮ್ಯಾಗಜೀನ್ ತಗ್ಗಿದ್ದರೆ ಕೊಂಡಿ ಅರ್ಧ ಮಾತ್ರ ಸರಿಯುತ್ತದೆ, ಬಿಬಿ ಉಜ್ಜಿಕೊಂಡು ಏರುತ್ತದೆ. ಸೆಕೆಂಡಿಗೆ 14ರ ವೇಗದಲ್ಲಿ ಗೊತ್ತೇ ಆಗದ ಉಜ್ಜುವಿಕೆ ಅದು. ಮ್ಯಾಗಜೀನ್ ತೂಗುವುದು ಅದರ ಪಕ್ಕದ ಕಚ್ಚಿನ ಮೇಲಂಚಿನಿಂದ. ಆ ಅಂಚು ಮ್ಯಾಗ್ ಕ್ಯಾಚಿನ (ಮ್ಯಾಗಜೀನನ್ನು ಹಿಡಿದಿಡುವ ಚಿಲಕದ) ನಾಲಗೆಯ ಮೇಲೆ ಕೂರುತ್ತದೆ. ಹಾಗಾಗಿ ತೆಳು ಪ್ಲಾಸ್ಟಿಕ್ ಪಟ್ಟಿಯನ್ನು, ಸುಮಾರು 0.5 ಮಿ.ಮೀ. ದಪ್ಪದ್ದು, ಕಚ್ಚಿನ ಮೇಲಂಚಿಗೆ ಅಂಟಿಸಿದರೆ ಮ್ಯಾಗಜೀನ್ ಅಷ್ಟೇ ಮೇಲೇಳುತ್ತದೆ. ಕೆಳಂಚಿಗೆ ಅಂಟಿಸಿದರೆ ಏನೂ ಆಗುವುದಿಲ್ಲ, ಮ್ಯಾಗಜೀನ್ ಲಾಕ್ ಆಗದೆ ಹೋಗಬಹುದು ಅಷ್ಟೇ. ಎಲ್ಲ ಮ್ಯಾಗಜೀನುಗಳೂ ತಗ್ಗಿ ಕೂರುತ್ತಿದ್ದರೆ ಒಂದೊಂದಕ್ಕೂ ಪಟ್ಟಿ ಅಂಟಿಸುವ ಬದಲು ಮ್ಯಾಗ್ ಕ್ಯಾಚನ್ನೇ ಬದಲಿಸುವುದು ಲೇಸು.

ಮ್ಯಾಗಜೀನಿನ ಸ್ಪ್ರಿಂಗ್ ದುರ್ಬಲವೋ ಎಂದು ತಿಳಿಯಲು ಖಾಲಿ ಹೊಡೆತ ಯಾವಾಗ ಬರುತ್ತದೆ ಎಂಬುದನ್ನು ಗಮನಿಸಿ. ತುಂಬಿದ ಮ್ಯಾಗಜೀನಿನ ಮೊದಲರ್ಧ ಚೆನ್ನಾಗಿ ಹೋಗಿ ಕೊನೆಯರ್ಧ ತಡವರಿಸಿದರೆ ಸ್ಪ್ರಿಂಗ್ ಸೋತಿದೆ. ಶುರುವಿನಲ್ಲೇ ತಡವರಿಸಿ ಆಮೇಲೆ ಸರಿಹೋದರೆ ಗಿಡಿದು ತುಂಬಿದ್ದಾರೆ, ಮಿಡ್‌ಕ್ಯಾಪಿನಲ್ಲಿ (ಚಕ್ರವಿಲ್ಲದೆ ಸ್ಪ್ರಿಂಗ್ ಒಂದೇ ತಳ್ಳುವ ಮ್ಯಾಗಜೀನಿನಲ್ಲಿ) ಐದಾರು ಬಿಬಿ ಕಡಿಮೆ ಹಾಕಬೇಕು. ಕೊನೆಯ ನಾಲ್ಕಾರು ಬಿಬಿ ಬಾರದೆ ಉಳಿಯುವುದು ರೋಗವಲ್ಲ. ಅವುಗಳನ್ನು ತಳ್ಳಲು ಹಿಂದೆ ಬೇರೆ ಬಿಬಿ ಇಲ್ಲ, ಸ್ಪ್ರಿಂಗಿನ ತುದಿಯ ಫಾಲೋವರ್ ಅಷ್ಟು ದೂರ ಬರುವುದಿಲ್ಲ. ಒಳದಾರಿ ಒಣಗಿದ್ದರೆ ಸಿಲಿಕೋನ್ ಸ್ಪ್ರೇ ಒಂದೇ ಒಂದು ಚಿಮುಕು, ಆಮೇಲೆ ಒಂದು ಮ್ಯಾಗಜೀನ್ ಬಿಬಿಯನ್ನು ಬೆರಳಿನಿಂದ ಕೊಂಡಿ ಸರಿಸಿ ಹೊರಗೆ ಬಿಟ್ಟು ಎಣ್ಣೆ ಒರೆಸಿಕೊಳ್ಳಬೇಕು. ಇಲ್ಲದಿದ್ದರೆ ಆ ಎಣ್ಣೆ ಬಕಿಂಗಿಗೆ ಹೋಗಿ ಹಾಪ್ ಹಿಡಿಯುವುದಿಲ್ಲ. ಪೆಟ್ರೋಲಿಯಂ ಎಣ್ಣೆ ಮಾತ್ರ ಈ ದಾರಿಯಲ್ಲೆಲ್ಲೂ ಬೇಡ, ರಬ್ಬರ್ ಉಬ್ಬುತ್ತದೆ.

ಮುಂದೆ ಚೇಂಬರ್. ಬ್ಯಾಟರಿ ಕಳಚಿ, ಮ್ಯಾಗಜೀನ್ ತೆಗೆದು, ಮುಂದಿನ ಬಾಡಿ ಪಿನ್ ಹೊರಗೆಳೆದರೆ ಮೇಲಿನ ರಿಸೀವರ್ ಮುಂದಕ್ಕೆ ಜಾರುತ್ತದೆ, ಚೇಂಬರ್ ಮತ್ತು ಬ್ಯಾರಲ್ ಕೈಗೆ ಬರುತ್ತವೆ. ಹಾಪನ್ನು ಪೂರ್ತಿ ಇಳಿಸಿ ಫೀಡ್ ಕೊಳವೆಯಲ್ಲಿ ಬಿಬಿ ಹಾಕಿ ಅಲುಗಿಸಿ ನೋಡಬೇಕು, ಎಲ್ಲೂ ಹಿಡಿಯದೆ ಉರುಳಬೇಕು. ಆಮೇಲೆ ಕೊಳವೆಯೊಳಕ್ಕೆ ಬೆಳಕು ಬಿಟ್ಟು ನೋಡಿ. ರಬ್ಬರಿನ ತುಟಿ ಬಿಬಿ ಬರುವ ರಂಧ್ರದೊಳಕ್ಕೆ ಇಣುಕುತ್ತಿದ್ದರೆ ಬಕಿಂಗ್ ಪೂರ್ತಿ ಒಳಗೆ ಕೂತಿಲ್ಲ. ಇಲ್ಲಿ ಕೂದಲೆಳೆಯಷ್ಟು ಇಣುಕುತ್ತಿತ್ತು. ಹೊಸ ಬಕಿಂಗುಗಳ ತುಟಿ ಗಟ್ಟಿಯಾಗಿರುವುದರಿಂದ ಬ್ಯಾರಲ್ಲಿಗೆ ಹಾಕಿ ಚೇಂಬರಿಗೆ ತಳ್ಳುವಾಗ ಹಿಂದಕ್ಕೆ ಸುರುಳಿಯಾಗುವುದುಂಟು. ಹೊರತೆಗೆದು, ಹೊರಮೈಗೆ ಮಾತ್ರ ತುಸು ಸಿಲಿಕೋನ್ ಎಣ್ಣೆ ಸವರಿ, ಒಳಗಿನ ಗೆರೆ ಬ್ಯಾರಲ್ಲಿನ ಕಾಲುವೆಗೆ ಸರಿಯಾಗಿ ಕೂರುವಂತೆ ಹಾಕಿ, ಚೇಂಬರಿಗೆ ತಿರುಚದೆ ನೇರವಾಗಿ ತಳ್ಳಿದಾಗ ರಂಧ್ರ ಸ್ವಚ್ಛವಾಯಿತು. 7.4 ವೋಲ್ಟಿನಲ್ಲೂ ಉಳಿದಿದ್ದ ಖಾಲಿ ಹೊಡೆತಗಳಿಗೆ ಈ ತುಟಿ ಮತ್ತು ಆ ತಗ್ಗು ಮ್ಯಾಗಜೀನ್ ಎರಡೂ ಪಾಲುದಾರರು.

ಚೇಂಬರಿನ ಮುಂದೆ, ಬ್ಯಾರಲ್ಲಿನ ಸುತ್ತ ಒಂದು ಸ್ಪ್ರಿಂಗ್ ಇರುತ್ತದೆ, ಚೇಂಬರನ್ನು ಹಿಂದಕ್ಕೆ ಗೇರ್‌ಬಾಕ್ಸಿನ ಕಡೆ ಒತ್ತಲು. ಬ್ಯಾರಲ್ ಬದಲಿಸುವಾಗ ಇದನ್ನು ಮರೆತು ಮೇಜಿನ ಮೇಲೇ ಬಿಟ್ಟವರೆಷ್ಟೋ. ಅದಿಲ್ಲದಿದ್ದರೆ ಚೇಂಬರ್ ಹೊಡೆತಕ್ಕೊಮ್ಮೆ ಮುಂದೆ ಸರಿದು ನಾಝಲ್ಲಿಗೂ ಬಕಿಂಗಿಗೂ ನಡುವೆ ಸಂದು ಬೀಳುತ್ತದೆ. ಇಲ್ಲಿ ಇತ್ತು, ಆದರೆ ಸಡಿಲ. ಬ್ಯಾರಲ್ಲಿಗೆ ತೆಳು ವಾಷರ್ ಒಂದನ್ನು ಏರಿಸಿ ಬಿಗಿ ಮಾಡಲಾಯಿತು.

ನಾಝಲ್ಲಿನ ಉದ್ದ ಕ್ಯಾಲಿಪರಿನಲ್ಲಿ 21.4 ಮಿ.ಮೀ. ಬಂತು, ಎಂ4ಗೆ ಅದು ಸರಿ. ಎಕೆಯದು 20.7. ಉದ್ದ ಹೆಚ್ಚಾದರೆ ನಾಝಲ್ ಹಿಂದೆ ಸರಿದಾಗಲೂ ರಂಧ್ರದ ಅಂಚನ್ನು ಮುಚ್ಚಿಕೊಂಡು ಬಿಬಿಯನ್ನು ತಡೆಯುತ್ತದೆ. ಕಡಿಮೆಯಾದರೆ ಗಾಳಿ ಸೋರುತ್ತದೆ. ಉದ್ದ ಸರಿ, ಆದರೆ ಚಲನೆ? ಮೇಲಿನ ರಿಸೀವರ್ ತೆಗೆದಾಗ ಗೇರ್‌ಬಾಕ್ಸಿನ ಮುಂದೆ ನಾಝಲ್ ಕಾಣುತ್ತದೆ. ಬೆರಳಿನಿಂದ ಹಿಂದಕ್ಕೆ ತಳ್ಳಿ ಬಿಟ್ಟರೆ ಟಪ್ಪನೆ ಮುಂದೆ ಚಿಮ್ಮಬೇಕು. ಇದು ಚಿಮ್ಮಲಿಲ್ಲ, ತೆವಳಿತು. ಬಲವಿಲ್ಲದ ಹೊಡೆತಗಳ ಮೂಲ ಅಲ್ಲೇ ಇತ್ತು.

ಈಗ ಗೇರ್‌ಬಾಕ್ಸ್ ಬಿಚ್ಚಲು ಕಾರಣ ಸಿಕ್ಕಿತು. ಕಣ್ಣಿಗೆ ರಕ್ಷಣಾ ಕನ್ನಡಕ ಕಡ್ಡಾಯ. ಸ್ಪ್ರಿಂಗನ್ನು ಹಿಂದಿನಿಂದಲೇ ತೆಗೆಯುವ ಸೌಲಭ್ಯವಿಲ್ಲದ ವರ್ಷನ್ 2ರಲ್ಲಿ ಮೇಲಿನ ಕವಚ ಎತ್ತಿದೊಡನೆ ಸ್ಪ್ರಿಂಗ್ ಗೈಡ್ ಹಾರುತ್ತದೆ. ಹಿಂದಿನ ರಂಧ್ರದಿಂದ ಗೈಡಿನೊಳಕ್ಕೆ ಉದ್ದ ಸ್ಕ್ರೂಡ್ರೈವರ್ ತೂರಿಸಿ ಹಿಡಿದು, ಕವಚ ಎತ್ತಿ, ಮೆಲ್ಲಗೆ ಒತ್ತಡ ಬಿಡಬೇಕು. ಮೊದಲು ಗೇರುಗಳು ಹಿಂದಕ್ಕೆ ತಿರುಗದಂತೆ ತಡೆಯುವ ಆಂಟಿ ರಿವರ್ಸಲ್ ಲ್ಯಾಚ್ ಬಿಡಿಸಿ ಪಿಸ್ಟನ್ ಮುಂದಿದೆ ಎಂದು ಖಾತ್ರಿ ಮಾಡಿಕೊಳ್ಳುವುದನ್ನು ಬಿಡಬಾರದು.

ಸಿಲಿಂಡರ್ ಹೆಡ್ಡನ್ನು ಕೊಳವೆ ಕೆಳಗಿರುವಂತೆ ಹಿಡಿದು ನಾಝಲ್ ಏರಿಸಿದರೆ ಅದು ತನ್ನ ತೂಕಕ್ಕೇ ಜಾರಿ ಬೀಳಬೇಕು. ತುದಿಯನ್ನು ಬೆರಳಿನಿಂದ ಮುಚ್ಚಿ ತಳ್ಳಿದರೆ ಗಾಳಿಯೂ ನಿಲ್ಲಬೇಕು. ಎರಡೂ ಒಟ್ಟಿಗೆ ಆಗಬೇಕು, ಅಲ್ಲೇ ಕಷ್ಟ. ಈ ಓ-ರಿಂಗ್ ಗಾಳಿ ಹಿಡಿಯುತ್ತಿತ್ತು, ಜೊತೆಗೆ ಕೊಳವೆಯನ್ನೂ ಕಚ್ಚಿ ಹಿಡಿಯುತ್ತಿತ್ತು. ತೆಳುವಾದ ಸಿಲಿಕೋನ್ ಗ್ರೀಸ್ ಹಚ್ಚಿ ನೂರಿನ್ನೂರು ಸಲ ಕೈಯಲ್ಲೇ ಹಿಂದೆ ಮುಂದೆ ಆಡಿಸಿದ ಮೇಲೆ ಸಡಿಲಿತು. ಹಾಗೂ ಬಿಡದ ನಾಝಲ್ಲಿಗಿಂತ ಓ-ರಿಂಗ್ ಇಲ್ಲದ ಪ್ಲಾಸ್ಟಿಕ್ ನಾಝಲ್ಲೇ ವಾಸಿ. ಗಾಳಿ ತುಸು ಸೋರಿದರೂ ಸಮಯಕ್ಕೆ ಮುಂದೆ ಬರುತ್ತದೆ. ನಾಝಲ್ಲನ್ನು ಹಿಂದೆ ಮುಂದೆ ಸರಿಸುವ ಟ್ಯಾಪೆಟ್ ಪ್ಲೇಟನ್ನು ಸ್ಪ್ರಿಂಗ್ ಇಲ್ಲದೆ, ಸಿಲಿಂಡರಿನ ಜೊತೆ ಕವಚದಲ್ಲಿಟ್ಟು ವಾಲಿಸಿದರೆ ತಾನಾಗಿ ಜಾರಬೇಕು. ಹಿಡಿದರೆ ಕವಚದ ಹಳಿಗಳಲ್ಲಿ ಎರಕದ ಮುಳ್ಳು ಇದೆ ಎಂದರ್ಥ, 600 ಮತ್ತು 1000 ನಂಬರಿನ ಮರಳುಕಾಗದದಲ್ಲಿ ಉಜ್ಜಬೇಕು. ಪ್ಲೇಟಿನ ರೆಕ್ಕೆಯ ಬುಡದಲ್ಲಿ ಬಿಳಿ ಗೆರೆ ಕಂಡರೆ ಬಿರುಕು ಶುರುವಾಗಿದೆ, ಹೊಸದು ಹಾಕಿಬಿಡುವುದೇ ಸರಿ.

ಉಳಿದದ್ದು ಡಿಲೇಯರ್ ಚಿಪ್. ಇದನ್ನು ಫೀಡಿಂಗ್ ತೊಂದರೆಗೆ ರಾಮಬಾಣ ಎಂದು ಕೊಡುತ್ತಾರೆ. ಸೆಕ್ಟರ್ ಗೇರಿನ ಗೂಟಕ್ಕೆ ಕೂತು ಟ್ಯಾಪೆಟ್ ಪ್ಲೇಟನ್ನು ಹೆಚ್ಚು ಹೊತ್ತು ಹಿಂದೆ ಹಿಡಿಯುವುದು ಅದರ ಕೆಲಸ, ಬಿಬಿಗೆ ಏರಲು ಸಮಯ ಸಿಗುತ್ತದೆ. ಸೆಕೆಂಡಿಗೆ 20ರ ಆಸುಪಾಸಿನಲ್ಲಿ ಓಡುವ ಗನ್ನಿಗೆ ನಿಜಕ್ಕೂ ಒಳ್ಳೆಯದು. ಆದರೆ ಹಿಂದೆ ಹಿಡಿದ ಹೊತ್ತನ್ನು ಮುಂದೆ ಬರುವ ಹೊತ್ತಿನಿಂದಲೇ ಕಡಿಯಬೇಕು. 36 ಮಿಲಿಸೆಕೆಂಡಿನ ಸುತ್ತಿನಲ್ಲಿ, ತೆವಳುವ ನಾಝಲ್ಲಿನ ಜೊತೆ ಚಿಪ್ಪೂ ಸೇರಿದರೆ ಪಿಸ್ಟನ್ ಬಿಡುವ ಹೊತ್ತಿಗೆ ನಾಝಲ್ ಇನ್ನೂ ದಾರಿಯಲ್ಲೇ ಇರುತ್ತದೆ. ಚಿಪ್ ತೆಗೆದು, ಟ್ಯಾಪೆಟ್ ಸ್ಪ್ರಿಂಗನ್ನು ಒಂದು ಹಂತ ಗಟ್ಟಿಯಾದದ್ದಕ್ಕೆ ಬದಲಿಸಲಾಯಿತು. ಎರಡು ಸ್ಪ್ರಿಂಗ್ ಜೋಡಿಸುವ ಉಪಾಯ ಕೆಲವರು ಹೇಳುತ್ತಾರೆ, ಅದು ಪ್ಲೇಟನ್ನೇ ಮುರಿಯುವ ಉಪಾಯ.

ಜೋಡಿಸಿ 11.1 ವೋಲ್ಟಿಗೆ ಹಾಕಿದಾಗ ಬಲವಿಲ್ಲದ ಹೊಡೆತಗಳು ಪೂರ್ತಿ ಹೋದವು. ಬಿಬಿಯ ವೇಗ ಅಳೆಯುವ ಕ್ರೋನೋಗ್ರಾಫಿನಲ್ಲಿ 0.20 ಗ್ರಾಮ್ ಬಿಬಿಗೆ ಸೆಮಿಯ ಅಂಕಿಯೂ ಆಟೋದ ಅಂಕಿಯೂ ಹತ್ತಿರ ಹತ್ತಿರ ಬಂದವು. ಮೊದಲು ಆಟೋದಲ್ಲಿ ಅಂಕಿ ಎಲ್ಲೆಂದರಲ್ಲಿ ಕುಣಿಯುತ್ತಿತ್ತು. ಚಿಪ್ ಹೋದ ಮೇಲೆ ಬಿಬಿ ಏರಲು ಸಿಗುವ ಹೊತ್ತು ಇನ್ನೂ ಕಿರಿದಾಗಿದೆ, ಆ ಭಾರವೆಲ್ಲ ಈಗ ಮ್ಯಾಗಜೀನಿನ ಸ್ಪ್ರಿಂಗ್ ಮೇಲೆ. ಗಟ್ಟಿ ಸ್ಪ್ರಿಂಗಿನ ಮಿಡ್‌ಕ್ಯಾಪುಗಳು ಖಾಲಿಯಾಗುವವರೆಗೂ ತಡವರಿಸಲಿಲ್ಲ. ಚಕ್ರ ತಿರುಗಿಸುವ ಹೈಕ್ಯಾಪುಗಳು ಉದ್ದ ಹೊಡೆತದಲ್ಲಿ ಈಗಲೂ ಹಿಂದೆ ಬೀಳುತ್ತವೆ. ಅವುಗಳನ್ನು ಈ ಗನ್ನಿನ ಚೀಲದಿಂದ ತೆಗೆದು, 7.4 ವೋಲ್ಟಿನಲ್ಲಿ ಓಡುವ ಇನ್ನೊಂದರ ಚೀಲಕ್ಕೆ ಹಾಕಿದ್ದಾಯಿತು.